ಕಬ್ಬಾಳಿನ ಕಲ್ಲು: ಕೆಲಸ ಎಲ್ಲಿವರೆಗೆ ಬಂತು

ಕಬ್ಬಾಳಿನ ಕಲ್ಲಿನ ಥಿನ್ ಸೆಕ್ಷನ್, ಅಂದರೆ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಚೂರು, ಈ ವಾರ ಸರಿಯಾದ ದಪ್ಪಕ್ಕೆ ಬಂತು. 0.03 ಮಿಲಿಮೀಟರ್. ಅದನ್ನು ಮನೆಯಲ್ಲಿ ಅಳೆಯುವುದು ಹೇಗೆ ಅಂತೀರಾ? ಅಳೆಯುವುದಿಲ್ಲ, ಬಣ್ಣ ನೋಡುವುದು. ಒಂದಕ್ಕೊಂದು ಅಡ್ಡಲಾಗಿಟ್ಟ ಎರಡು ಪೋಲರಾಯ್ಡ್ (ಒಂದೇ ದಿಕ್ಕಿನ ಬೆಳಕನ್ನಷ್ಟೇ ಬಿಡುವ) ಹಾಳೆಗಳ ನಡುವೆ ಕಲ್ಲಿನೊಳಗಿನ ಕ್ವಾರ್ಟ್ಜ್ ಹರಳು ಹಳದಿಯಾಗಿ ಕಂಡರೆ ಇನ್ನೂ ಉಜ್ಜಬೇಕು. ಬೂದು ಬಿಳಿಗೆ ಇಳಿದರೆ ನಿಲ್ಲಿಸಬೇಕು. ಆಮೇಲೂ ಉಜ್ಜಿದರೆ ಕೈಯಲ್ಲಿ ಬರೀ ಗಾಜು ಉಳಿಯುತ್ತದೆ.

ಕಲ್ಲು ಕೊಯ್ಯಲು ಗ್ರಾನೈಟ್ ಅಂಗಡಿಯ ಕಟಿಂಗ್ ಮೆಷಿನ್ ಸಾಕು. ಉಳಿದದ್ದು ಗಾಜಿನ ಹಾಳೆ, ಉಜ್ಜಲು ಕಾರ್ಬೊರಂಡಮ್ ಎಂಬ ಗಟ್ಟಿ ಪುಡಿ, ಸ್ಲೈಡಿಗೆ ಅಂಟಿಸಲು ಎಪಾಕ್ಸಿ. ದಪ್ಪ ಪುಡಿಯಿಂದ ಶುರು ಮಾಡಿ ಸಣ್ಣದಕ್ಕೆ ಹೋಗುವುದು. ನೀರು ಹಾಕಿಯೇ ಉಜ್ಜಬೇಕು. ಕಲ್ಲಿನ ಒಣ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇಷ್ಟೆಲ್ಲ ಕಷ್ಟ ಕಬ್ಬಾಳಿನ ಕಲ್ಲಿಗೇ ಯಾಕೆ? ಕನಕಪುರದ ಕಡೆಯವರಿಗೆ ಕಬ್ಬಾಳಮ್ಮನ ಗುಡಿ ಗೊತ್ತು. ಅಲ್ಲಿನ ಬೆಟ್ಟದ ಹತ್ತಿರದ ಕ್ವಾರಿಯಲ್ಲಿ ಬೂದು ಬಣ್ಣದ ಪಟ್ಟೆ ಪಟ್ಟೆ ನೈಸ್ ಇದೆ; ಶಾಖ, ಒತ್ತಡಕ್ಕೆ ಸಿಕ್ಕಿ ಬದಲಾದ ಕಲ್ಲು ಅದು. ಅದರ ನಡುವೆಯೇ ಕಪ್ಪು ಹಸಿರಿನ, ಎಣ್ಣೆ ಸವರಿದಂಥ ತೇಪೆಗಳು. ಪಟ್ಟೆಗಳು ತೇಪೆಯೊಳಗೆ ಹೋಗಿ ಅಳಿಸಿಹೋಗುತ್ತವೆ, ಆಚೆ ಬದಿಯಲ್ಲಿ ಮತ್ತೆ ಕಾಣುತ್ತವೆ. ತೇಪೆ ಚಾರ್ನೊಕೈಟ್, ಹೈಪರ್‌ಸ್ತೀನ್ ಎಂಬ ಖನಿಜ ಇರುವ ಕಲ್ಲು. ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಇದನ್ನು ನೋಡಿ, ನೈಸ್ ಚಾರ್ನೊಕೈಟ್ ಆಗುತ್ತಾ ಅರ್ಧಕ್ಕೆ ನಿಂತ ಜಾಗ ಇದು ಎಂದು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಚಿಕ್ಕ ಬರಹ. ಆದರೆ ಆಮೇಲೆ ಎಷ್ಟೋ ಜನ ಅದರ ಬೆನ್ನು ಹತ್ತಿದರು.

ನನಗೆ ತಲೆಕೆಡಿಸಿದ್ದು ಇದೇ. ಬೂದು ಭಾಗಕ್ಕೂ ಕಪ್ಪು ಭಾಗಕ್ಕೂ ನಡುವೆ ಕೆಲವೊಮ್ಮೆ ಒಂದು ಗೇಣೂ ಇಲ್ಲ. ಸುಮಾರು 250 ಕೋಟಿ ವರ್ಷದ ಹಿಂದೆ, ನೆಲದಡಿ ಆಳದಲ್ಲಿ, ಎರಡಕ್ಕೂ ಸಿಕ್ಕ ಶಾಖ ಒಂದೇ, ಒತ್ತಡ ಒಂದೇ. ಆದರೂ ಒಂದು ಬದಲಾಯಿತು, ಇನ್ನೊಂದು ಹಾಗೇ ಉಳಿಯಿತು! ನೈಸ್‌ನಲ್ಲಿರುವ ಬಯೋಟೈಟ್, ಹಾರ್ನ್‌ಬ್ಲೆಂಡ್ ಎಂಬ ಖನಿಜಗಳ ಒಳಗೆ ನೀರು ಕಟ್ಟಿಕೊಂಡಿರುತ್ತದೆ. ಅವು ಕ್ವಾರ್ಟ್ಜ್ ಜೊತೆ ಸೇರಿ ನೀರು ಬಿಟ್ಟುಕೊಟ್ಟರೆ ಹೈಪರ್‌ಸ್ತೀನ್ ಹುಟ್ಟುತ್ತದೆ. ತೇಪೆಗಳು ಹೆಚ್ಚಾಗಿ ಬಿರುಕುಗಳ ಗುಂಟವೇ ಇವೆ. ಹಾಗಾದರೆ ಅಲ್ಲಿಂದ ನೀರನ್ನು ದೂಡಿದ್ದು ಏನು? ಮೈಸೂರು ವಿಶ್ವವಿದ್ಯಾಲಯದ ಎ. ಎಸ್. ಜನಾರ್ಧನ್, ಶಿಕಾಗೋದ ರಾಬರ್ಟ್ ನ್ಯೂಟನ್ ಮತ್ತು ಎಡ್ವರ್ಡ್ ಹ್ಯಾನ್ಸನ್ 1982ರಲ್ಲಿ ಕೊಟ್ಟ ಉತ್ತರ: ಕೆಳಗಿನಿಂದ ಬಂದ ಇಂಗಾಲದ ಡೈಆಕ್ಸೈಡ್. ಕರಗಿದ ಕಲ್ಲೇ ನೀರನ್ನು ಹೀರಿಕೊಂಡಿತು ಎನ್ನುವವರೂ ಇದ್ದಾರೆ. ಬಿರುಕಿನ ಆಕಾರ ನೋಡಿದ ಮೇಲೆ ನಾನು ಮೊದಲನೆಯವರ ಕಡೆ.

ಸರಿ, ಸ್ಲೈಡಿನಲ್ಲಿ ಕಂಡದ್ದು. ಬೂದು ಭಾಗದಲ್ಲಿ ಕಂದು ಬಯೋಟೈಟ್ ಎಳೆಗಳು ಒಂದೇ ದಿಕ್ಕಿಗೆ ಮಲಗಿವೆ. ಕಪ್ಪು ಭಾಗದಲ್ಲಿ ಆ ಸಾಲು ಇಲ್ಲ, ಹರಳುಗಳೂ ದೊಡ್ಡವು. ಮೇಲಿನ ಪೋಲರಾಯ್ಡ್ ತೆಗೆದು ಸ್ಲೈಡ್ ತಿರುಗಿಸಿದೆ. ಒಂದು ಹರಳು ತಿಳಿ ಗುಲಾಬಿಯಿಂದ ತಿಳಿ ಹಸಿರಿಗೆ ಬಂತು. ಹೈಪರ್‌ಸ್ತೀನ್! ಪುಸ್ತಕದಲ್ಲಿ ಓದಿದ್ದೇ ಬೇರೆ, ಕಣ್ಣಾರೆ ಕಂಡದ್ದೇ ಬೇರೆ. ಅದರ ಅಂಚಿನಲ್ಲಿ ಹರಕು ಬಯೋಟೈಟ್ ಇನ್ನೂ ಉಳಿದಿದೆ. ಅದು ಬದಲಾಗದೆ ಉಳಿದದ್ದೋ, ಕಲ್ಲು ತಣಿಯುವಾಗ ನೀರು ಮತ್ತೆ ಒಳಬಂದು ಹೊಸದಾಗಿ ಬೆಳೆದದ್ದೋ? ಇನ್ನಷ್ಟು ಸ್ಲೈಡ್ ನೋಡದೆ ಹೇಳಲಾಗದು.

ಮುಂದಿನದು ರಸಾಯನ. ಇಲ್ಲಿ ಹೋದದ್ದು ನೀರು ಮಾತ್ರವಲ್ಲ. ತೇಪೆಯೊಳಗೆ ಪೊಟ್ಯಾಸಿಯಂ ಬಂದಿದೆ, ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಒಂದಿಷ್ಟು ಹೊರಟಿವೆ ಎಂದು 1980ರ ದಶಕದ ವಿಶ್ಲೇಷಣೆಗಳು ತೋರಿಸಿವೆ. ನನ್ನ ಚೂರುಗಳನ್ನೂ ಪುಡಿ ಮಾಡಿ ಎಕ್ಸ್‌ಆರ್‌ಎಫ್‌ಗೆ (ಎಕ್ಸ್-ರೇ ಹಾಯಿಸಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಕೊಡಬೇಕು. ದುಡ್ಡು ಜಾಸ್ತಿ, ಅದಕ್ಕೇ ಸ್ವಲ್ಪ ನಿಧಾನ. ಅದಕ್ಕೂ ಮುಂಚೆ ಚೂರುಗಳನ್ನು ಜೋಡಿ ಮಾಡಿಕೊಳ್ಳಬೇಕು. ಪ್ರತಿ ಜೋಡಿಯ ಬೂದು, ಕಪ್ಪು ಎರಡೂ ಒಂದೇ ಪಟ್ಟೆಯಿಂದ ಬಂದಿರಬೇಕು. ಇಲ್ಲದಿದ್ದರೆ ಪೊಟ್ಯಾಸಿಯಂ ಆಮೇಲೆ ಬಂದದ್ದೋ ಮೊದಲೇ ಇದ್ದದ್ದೋ ಅಂತ ಯಾವ ಮೆಷಿನ್ನೂ ಹೇಳುವುದಿಲ್ಲ.