ನಮ್ಮ ಮನೆಯ ಎಂ 35 ರೊಟ್ಟಿ

ಮದುವೆಯಾದ ಹೊಸತು. ಸೈಟಿನಿಂದ ಹೊರಡುವಾಗ ಹೆಂಡತಿಗೆ ಫೋನ್ ಮಾಡಿ, "ಇವತ್ತು ರಾತ್ರಿ ಹಿಟ್ಟು ಮಾಡೋಣ್ವಾ?" ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹಿಟ್ಟು ಮನ್ಯಾಗ ಯಾಕ್ ಮಾಡ್ತಿ? ಗಿರಣ್ಯಾಗ ಬೀಸಿಸ್ಕೊಂಡು ಬಾ" ಅಂದಳು.

ನಮ್ಮ ಶಿರಾ ಕಡೆ ಹಿಟ್ಟು ಅಂದರೆ ಮುದ್ದೆ. ಗದಗಿನವಳಿಗೆ ಹಿಟ್ಟು ಅಂದರೆ ಹಿಟ್ಟೇ. ಅದನ್ನು ಬಡಿದರೆ ರೊಟ್ಟಿ. ಅವತ್ತು ರಾತ್ರಿ ಕೊನೆಗೆ ಉಪ್ಪಿಟ್ಟು ತಿಂದು ಮಲಗಿದೆವು.

ನಾನು ಸಿವಿಲ್ ಎಂಜಿನಿಯರ್. ಅವಳು ಸಾಫ್ಟ್‌ವೇರ್ ಟೆಸ್ಟಿಂಗ್. ಸ್ಲ್ಯಾಬ್ ಹಾಕುವ ದಿನ ಬಿಟ್ಟರೆ ನನ್ನ ಕೆಲಸ ಸಂಜೆ 6ಕ್ಕೆ ಮುಗಿಯುತ್ತದೆ. ಅವಳ ಅಮೆರಿಕದ ಕಾಲ್‌ಗಳು ಶುರುವಾಗುವುದೇ 7ಕ್ಕೆ. ಹಾಗಾಗಿ ರಾತ್ರಿ ಅಡುಗೆ ನನ್ನ ಪಾಲಿಗೆ ಬಂತು. ಇದನ್ನೇನೂ ನಾವು ಕೂತು ಮಾತಾಡಿ ತೀರ್ಮಾನ ಮಾಡಲಿಲ್ಲ. ಹಸಿವಾದವನು ಒಲೆ ಹಚ್ಚಿದ, ಅಷ್ಟೇ. ಅಮ್ಮ ಊರಿನಿಂದ ಬಂದಾಗ ಮಾತ್ರ, "ಗಂಡ್ಸು ಒಲೆ ಮುಂದೆ ನಿಂತಿರೋದು ನೋಡಕ್ಕಾಗಲ್ಲ ಕಣಪ್ಪ" ಅನ್ನುತ್ತಾಳೆ. ಹಾಗಂದುಕೊಂಡೇ ನಾನು ಮಾಡಿದ ಬಸ್ಸಾರನ್ನು ಎರಡನೇ ಸಲ ಬಡಿಸಿಕೊಳ್ಳುತ್ತಾಳೆ.

ಅಡುಗೆ ನನಗೆ ಹೊಸದಲ್ಲ. ಮೊದಲ ಕೆಲಸದಲ್ಲಿ ಸೈಟಿನ ಪಕ್ಕದ ರೂಮಿನಲ್ಲಿ ಮೂವರು ಹುಡುಗರು, ಒಂದು ಕುಕ್ಕರ್, ಒಂದು ಬಾಂಡ್ಲಿ. ಸೈಟಿನಲ್ಲಿ ಕಾಂಕ್ರೀಟ್ ಹೊರುವುದೂ ಬಾಂಡ್ಲಿಯಲ್ಲೇ, ರೂಮಿನಲ್ಲಿ ಪಲ್ಯ ಮಾಡುವುದೂ ಬಾಂಡ್ಲಿಯಲ್ಲೇ. ಎರಡೂ ಬೇರೆ ಬೇರೆ ಬಾಂಡ್ಲಿ ಅಂತ ಅಮ್ಮನಿಗೆ ಆಣೆ ಮಾಡಿ ಹೇಳಬೇಕಾಗಿತ್ತು.

ಆದರೆ ನನಗೊಂದು ರೋಗವಿದೆ. ಅಳೆಯದೆ ಏನನ್ನೂ ಮಾಡಲಾರೆ. ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಅದೂ ಗೀಟು ಹಾಕಿದ ಲೋಟ. ಅಮ್ಮ ಕಣ್ಣಳತೆಯಲ್ಲಿ ಹಾಕಿದ್ದಕ್ಕೂ ನಾನು ಅಳೆದು ಹಾಕಿದ್ದಕ್ಕೂ ರುಚಿಯಲ್ಲಿ ವ್ಯತ್ಯಾಸವೇನಿಲ್ಲ. ಅಮ್ಮ ನನಗಿಂತ ಬೇಗ ಮುಗಿಸುತ್ತಾಳೆ, ಅಷ್ಟು ಬಿಟ್ಟರೆ.

ರೊಟ್ಟಿಯ ಹುಚ್ಚು ಹತ್ತಿದ್ದು ಎರಡು ವರ್ಷದ ಹಿಂದೆ. ಗದಗಿನಿಂದ ಅತ್ತೆ ಕಟ್ಟಿ ಕಳಿಸುವ ಖಡಕ್ ರೊಟ್ಟಿ ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತದೆ. ಆದರೆ ಇವಳು ಜ್ವರ ಬಂದಾಗೆಲ್ಲ ನೆನೆಸಿಕೊಳ್ಳುವುದು ಹಂಚಿನಿಂದ ಆಗಷ್ಟೇ ತೆಗೆದ ಬಿಸಿ ರೊಟ್ಟಿಯನ್ನು. "ಮಾಡ್ಕೊಂಡು ತಿನ್ನು" ಅಂದರೆ ಅವಳಿಗೆ ಬರುವುದಿಲ್ಲ. ಶಾಲೆ, ಹಾಸ್ಟೆಲ್, ಕೆಲಸ ಅಂತ ಕಲಿಯಲೇ ಇಲ್ಲ. ನಮ್ಮ ಕಡೆಯ ನೆಂಟರಿಗೆ ಇದು ಅರ್ಥವೇ ಆಗುವುದಿಲ್ಲ. ಉತ್ತರ ಕರ್ನಾಟಕದವಳು, ರೊಟ್ಟಿ ಬಡಿಯಲು ಬರಲ್ಲ ಅಂದರೆ ಏನು? ಒಂದು ಸಲ ನನ್ನ ದೊಡ್ಡಮ್ಮ ಮುಖಕ್ಕೇ ಕೇಳಿದರು. ಅವರ ಮುಂದೆ ನಕ್ಕು ಸುಮ್ಮನಾದವಳು ಕಾರಿನಲ್ಲಿ ನನ್ನ ಕಡೆ ತಿರುಗಿದಳು. "ನೀ ಎಂಜಿನಿಯರ್ ಅದಿ. ನಿಂಗ ಗ್ವಾಡಿಗೆ ಗಾರೆ ಮೆತ್ತಾಕ ಬರ್ತೈತೇನು?"

ಬರುವುದಿಲ್ಲ. ಒಂದು ಸಲ ಮೇಸ್ತ್ರಿಯ ಕೈಯಿಂದ ಕರಣೆ ಇಸಿದುಕೊಂಡು ನೋಡಿದ್ದೇನೆ. ಹಾಕಿದ್ದೆಲ್ಲ ನನ್ನ ಶೂ ಮೇಲೆ ಬಿತ್ತು.

ಸರಿ, ನಾನೇ ಕಲಿಯುತ್ತೇನೆ ಅಂದೆ. ಅತ್ತೆಗೆ ಫೋನ್ ಮಾಡಿದರೆ, "ಮಾಲದಂಡಿ ಜ್ವಾಳ ತಗೋರಿ, ಬ್ಯಾರೇದು ಬ್ಯಾಡ" ಅಂದರು. ಆ ತಳಿಯ ಇನ್ನೊಂದು ಹೆಸರು ಎಂ 35-1 ಅಂತ ಗೊತ್ತಾದಾಗ ನನಗೆ ಹಿಡಿಸಲಾರದಷ್ಟು ಖುಷಿ. ನಮ್ಮಲ್ಲಿ ಎಂ 35 ಅಂದರೆ ಕಾಂಕ್ರೀಟಿನ ಗ್ರೇಡು. 28 ದಿನ ಒದ್ದೆಯಾಗಿಟ್ಟು ಕ್ಯೂರಿಂಗ್ ಆದ ಮೇಲೆ ಪ್ರತಿ ಚದರ ಮಿಲಿಮೀಟರಿಗೆ 35 ನ್ಯೂಟನ್ ಒತ್ತಡ ತಡೆಯಬೇಕು. ಇದು ನಮ್ಮ ಇಲಾಖೆಯ ಧಾನ್ಯವೇ ಬಿಡು ಅಂದುಕೊಂಡೆ. ಸೈಟಿನಲ್ಲಿ ಎಲ್ಲವನ್ನೂ ಲೋಡುಗಟ್ಟಲೆ ತರಿಸಿ ಅಭ್ಯಾಸ ನೋಡಿ, 10 ಕೆಜಿ ಜೋಳ ತಂದು ಒಂದೇ ಸಲ ಬೀಸಿಸಿ ಡಬ್ಬಿಗೆ ತುಂಬಿಟ್ಟೆ. ಅಷ್ಟರಲ್ಲಿ ಸೈಟಿನಲ್ಲಿ ಸಾಲಾಗಿ ಸ್ಲ್ಯಾಬ್‌ಗಳು ಬಂದವು. ರೊಟ್ಟಿ ಮುಂದಕ್ಕೆ ಹೋಯಿತು.

ಕೊನೆಗೆ ಶುರು ಮಾಡಿದಾಗ ಒಂದು ನೋಟ್‌ಬುಕ್ ಇಟ್ಟೆ. ಕಾಂಕ್ರೀಟ್ ಅಚ್ಚುಗಳ ಬಲ ಪರೀಕ್ಷಿಸಿ ಬರೆದಿಡುವ ನಮ್ಮ ಕ್ಯೂಬ್ ಟೆಸ್ಟ್ ರಿಜಿಸ್ಟರ್ ಹಾಗೇ ಗೀಟು ಎಳೆದು. ನೀರು ಎಷ್ಟು, ಎಷ್ಟು ಬಿಸಿ, ಎಷ್ಟು ಹೊತ್ತು ನಾದಿದ್ದು, ಎಷ್ಟು ದಪ್ಪ, ಉರಿ ಹೇಗಿತ್ತು, ಫಲಿತಾಂಶ. ಫಲಿತಾಂಶದ ಕಾಲಮ್ಮಿನಲ್ಲಿ ಸಾಲಾಗಿ "ಹರಿಯಿತು", "ಅಂಚು ಬಿರುಕು", "ಎತ್ತುವಾಗ ಎರಡು ತುಂಡು". ಒಂದು ಕಡೆ "ತಿನ್ನಬಹುದು (ಗಂಜಿಯಾಗಿ)".

ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಅನ್ನುವ ಅಂಟು ಇಲ್ಲ. ಗೋಧಿ ಹಿಟ್ಟು ತಣ್ಣೀರಿಗೂ ಎಳೆ ಕಟ್ಟಿಕೊಂಡು ಹಿಗ್ಗುತ್ತದೆ. ಜೋಳದ ಹಿಟ್ಟಿಗೆ ಕುದಿಯುವ ನೀರೇ ಬೇಕು. ಆ ಬಿಸಿಗೆ ಅದರ ಪಿಷ್ಟ ಅರೆಬೆಂದು ಅಂಟಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಇಷ್ಟು ಓದಿಕೊಂಡಿದ್ದೆ. ಹಾಗಾಗಿ ತಪ್ಪನ್ನು ನಾವಿರುವ ಬೆಂಗಳೂರಿನ ಮೇಲೆ ಹಾಕಿದೆ. ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಗದಗ ತಗ್ಗಿನಲ್ಲಿದೆ, ಅಲ್ಲಿ ಇನ್ನೂ ಬಿಸಿಯಾಗಿ ಕುದಿಯುತ್ತದೆ ಅಂತ ವಾದ ಮಾಡಿದೆ.

"ಎಷ್ಟು ಫರಕ್ ಐತಿ?" ಅಂದಳು.

ಲೆಕ್ಕ ಹಾಕಿದೆ. ಒಂದು ಡಿಗ್ರಿಯೂ ಬರಲಿಲ್ಲ.

ಆಮೇಲೆ ಸ್ಲಂಪ್ ಟೆಸ್ಟನ್ನೂ ಮಾಡಿದೆ ಅಂದರೆ ನೀವು ನಗಬಾರದು. ಕಾಂಕ್ರೀಟು ಎಷ್ಟು ನೀರಾಗಿದೆ ಅಂತ ನೋಡಲು 300 ಮಿಮೀ ಎತ್ತರದ ಕೋನಿಗೆ ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಸರಳಿನಿಂದ 25 ಸಲ ಕುಟ್ಟಿ, ಕೋನನ್ನು ಮೇಲೆತ್ತಿ ಗುಡ್ಡೆ ಎಷ್ಟು ಕುಸಿಯಿತು ಅಂತ ಅಳೆಯುತ್ತೇವೆ. ನಾನು ಸ್ಟೀಲ್ ಲೋಟಕ್ಕೆ ಹಿಟ್ಟು ತುಂಬಿ ಬೋರಲು ಹಾಕಿದೆ. ಅದು ಕುಸಿಯಲಿಲ್ಲ. ಲೋಟದಿಂದ ಹೊರಗೇ ಬರಲಿಲ್ಲ. ಹೆಂಡತಿ ಕಾಲ್‌ನ ಮಧ್ಯೆ ನೀರು ಕುಡಿಯಲು ಬಂದವಳು ಒಂದು ನಿಮಿಷ ನಿಂತು ನೋಡಿ, ಏನೂ ಹೇಳದೆ ವಾಪಸ್ ಹೋದಳು. ಬೈದಿದ್ದರೆ ವಾಸಿಯಿತ್ತು.

ಒಂದು ಸಂಜೆ ಸೈಟಿನಲ್ಲಿ ಕಾಂಕ್ರೀಟ್ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಕಾಯುತ್ತಾ ಲೇಬರ್ ಶೆಡ್ಡಿನ ಕಡೆ ನಡೆದೆ. ಅಲ್ಲಿರುವವರು ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು. ಮಳೆ ಕೈಕೊಟ್ಟ ವರ್ಷ ಹೆಚ್ಚು ಜನ ಬರುತ್ತಾರೆ. ಶೆಡ್ಡಿನ ಮುಂದೆ ಮೂರು ಕಾಂಕ್ರೀಟ್ ಕ್ಯೂಬು ಇಟ್ಟು ಒಲೆ ಮಾಡಿದ್ದರು. ಟೆಸ್ಟಿಗೆ ಅಂತ ಮಾಡಿ ಉಳಿದ ನಮ್ಮವೇ 150 ಮಿಮೀ ಕ್ಯೂಬುಗಳು. ಒಬ್ಬ ಅಕ್ಕ ಫ್ಲೋರಿಂಗಿನಲ್ಲಿ ಉಳಿದ ಗ್ರಾನೈಟ್ ತುಂಡಿನ ಮೇಲೆ ರೊಟ್ಟಿ ಬಡಿಯುತ್ತಿದ್ದರು.

ಹಿಟ್ಟಿನ ಗುಡ್ಡೆಯ ನಡುವೆ ಕುಣಿ ಮಾಡಿ ಕುದಿಯುವ ನೀರು ಸುರಿದರು. ಕೋಲಿನಿಂದ ಕಲಸಿ, ಬಿಸಿ ಆರುವ ಮೊದಲೇ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರು. ಬಿಲ್ಲೆ ಮಾಡಿ, ಕೆಳಗೆ ಒಣ ಹಿಟ್ಟು ಉದುರಿಸಿ, ಎಡಗೈಯಿಂದ ಅಂಚು ಕಾಯುತ್ತಾ ಬಲಗೈಯಿಂದ ಬಡಿದರು. ರೊಟ್ಟಿ ತಾನೇ ಗರಗರ ಸುತ್ತುತ್ತಾ ಅಗಲವಾಯಿತು. ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮೈ ಸವರಿದರು. ಮೇಲಿನ ಹಿಟ್ಟು ಬೇಗ ಒಣಗಿ ಸೀಳದ ಹಾಗೆ. ನಾವು ಸ್ಲ್ಯಾಬಿಗೆ ಒದ್ದೆ ಗೋಣಿ ಹೊದೆಸುವುದೂ ಅದಕ್ಕೇ ಅಲ್ವಾ? ಆಮೇಲೆ ತಿರುವಿ, ಕೆಂಡಕ್ಕೆ ಆನಿಸಿ ನಿಲ್ಲಿಸಿದರು. ಉಬ್ಬಿತು.

ನನ್ನ ಕಥೆ ಹೇಳಿಕೊಂಡೆ. "ನಾಳೆ ಹಿಟ್ಟು ತರ್ರಿ ಸಾಹೇಬ್ರ, ನೋಡಮು" ಅಂದರು.

ಮರುದಿನ ಟಿಫಿನ್ ಡಬ್ಬಿಯಲ್ಲಿ ಹಿಟ್ಟು ತಗೊಂಡು ಹೋದೆ. ನೀರು ಹಾಕುವುದಿರಲಿ, ಅವರು ಒಂದು ಚಿಟಿಕೆ ತೆಗೆದು ಮೂಸಿದರು. ನಾಲಿಗೆಗೆ ಹಚ್ಚಿ ಉಗುಳಿದರು. "ಯಾವಾಗ ಬೀಸಿಸೀರಿ?"

"ಮೂರೂವರೆ ತಿಂಗಳಾಯ್ತು."

ಪಕ್ಕದ ಶೆಡ್ಡಿನವರೂ ನಕ್ಕರು. "ಜಿಗಿ ಹೋಗ್ಯದ್ರೀ. ಕಹಿ ಆಗ್ಯದ. ಇದ್ರಾಗ ದೇವ್ರು ಬಂದು ಬಡದ್ರೂ ರೊಟ್ಟಿ ಆಗಲ್ಲ."

ನನಗೆ ನಾಚಿಕೆಯಾಗಿದ್ದು ಅವರು ನಕ್ಕಿದ್ದಕ್ಕಲ್ಲ. ಅವತ್ತು ಬೆಳಿಗ್ಗೆಯೇ ನಾನು 40 ಚೀಲ ಸಿಮೆಂಟ್ ವಾಪಸ್ ಕಳಿಸಿದ್ದೆ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚು ಹಾಕಿರುತ್ತಾರೆ. ಮೂರು ತಿಂಗಳು ದಾಟಿದ ಸಿಮೆಂಟು ಗಾಳಿಯ ತೇವ ಹೀರಿಕೊಂಡು ಶಕ್ತಿ ಕಳೆದುಕೊಂಡಿರುತ್ತದೆ, ಮತ್ತೆ ಟೆಸ್ಟ್ ಮಾಡದೆ ಬಳಸುವ ಹಾಗಿಲ್ಲ. ಇದನ್ನು ಸಪ್ಲೈಯರ್‌ಗೆ ಫೋನಿನಲ್ಲಿ ಕಿರುಚಿ ಹೇಳಿದ್ದೆ. ಅವನು ಹಿಂದಿನ ದಿನ ನನ್ನ ಮನೆಯ ಡಬ್ಬಿ ನೋಡಿದ್ದರೆ ನನ್ನ ಗತಿಯೇನು?

ರಾತ್ರಿ ನೋಟ್‌ಬುಕ್ಕನ್ನು ಹೆಂಡತಿಯ ಕೈಗೆ ಕೊಟ್ಟೆ. ನಾಲ್ಕು ಪುಟ ತಿರುವಿ, "ಇಷ್ಟೆಲ್ಲ ಬರ್ದಿ. ಹಿಟ್ಟಿನ ತಾರೀಖು ಎಲ್ಲೈತಿ?" ಅಂದಳು. ಅದಿರಲಿಲ್ಲ. "ನಮ್ಮ ಟೆಸ್ಟಿಂಗ್‌ನಾಗ ಇಂಥಾದ್ದಕ್ಕ ಒಂದು ಹೆಸರೈತಿ. ಹೇಳಂಗಿಲ್ಲ, ನಿಂಗ ಬ್ಯಾಸರ ಆಗ್ತೈತಿ." ಮುಂದಿನ ಭಾನುವಾರ ಇಬ್ಬರೂ ಹೋಗಿ 2 ಕೆಜಿ ಮಾತ್ರ ಬೀಸಿಸಿಕೊಂಡು ಬಂದೆವು. ಡಬ್ಬಿಯ ಮುಚ್ಚಳಕ್ಕೆ ಅವಳೇ ಪಟ್ಟಿ ಅಂಟಿಸಿ ತಾರೀಖು ಬರೆದಳು.

ಮೊದಲ ಎರಡು ಹರಿದವು. ಅದು ನನ್ನ ಕೈಯ ತಪ್ಪು. ಮೂರನೆಯದು ಭಾರತದ ನಕ್ಷೆಯ ಹಾಗೂ ಇರಲಿಲ್ಲ, ಆದರೆ ಇಡಿಯಾಗಿ ಹಂಚಿಗೆ ಬಿತ್ತು. ಬಟ್ಟೆಯಿಂದ ಸವರಿದೆ, ತಿರುವಿದೆ, ಗ್ಯಾಸಿನ ಉರಿಗೆ ಹಿಡಿದೆ. ಒಂದು ಮೂಲೆ ಉಬ್ಬಿತು. ತಟ್ಟೆಗೆ ಹಾಕಿ, ಮೇಲೆ ಬೆಣ್ಣೆ, ಪಕ್ಕಕ್ಕೆ ಶೇಂಗಾ ಚಟ್ನಿಪುಡಿ ಇಟ್ಟು ಅವಳ ಟೇಬಲ್ಲಿಗೆ ಕೊಟ್ಟು ಬಂದೆ. ಹೆಡ್‌ಫೋನ್ ಹಾಕಿಕೊಂಡೇ ಒಂದು ತುತ್ತು ಮುರಿದು ಬಾಯಿಗಿಟ್ಟಳು. ಎಡಗೈಯ ಎರಡು ಬೆರಳು ಮೇಲೆತ್ತಿ ತೋರಿಸಿದಳು. ಇನ್ನೂ ಎರಡು ಬೇಕು ಅಂತ.

ಹುರುಪಿನಲ್ಲಿ ಜೋರಾಗಿ ಬಡಿಯಲು ಶುರು ಮಾಡಿದೆ. ನಮ್ಮ ಅಡುಗೆಮನೆ ಕಟ್ಟೆ ಗೋಡೆಯಾಚೆ ಅವಳ ಟೇಬಲ್ಲಿಗೆ ತಾಗಿಕೊಂಡೇ ಇದೆ. ಕಾಲ್‌ನಲ್ಲಿ ಆ ಕಡೆಯ ಯಾರೋ ಇದೇನು ಶಬ್ದ ಅಂತ ಕೇಳಿರಬೇಕು. ಬಾಯಲ್ಲಿದ್ದ ರೊಟ್ಟಿ ನುಂಗಿ ಅವಳು ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. ಪಕ್ಕದಲ್ಲಿ ಕಟ್ಟಡ ಕೆಲಸ ನಡೀತಾ ಇದೆ, ಸಾರಿ, ಇನ್ನು ಹತ್ತು ನಿಮಿಷದಲ್ಲಿ ಮುಗಿಯುತ್ತೆ ಅಂತ.