ಪಾರ್ಚ್‌ಮೆಂಟ್: ಆಡಿನ ಚರ್ಮದಿಂದ ಕಾಫಿ ಕಣಕ್ಕೆ

ಕೊಡಗಿನಲ್ಲಿ ಕಾಫಿ ದರ ಕೇಳಿದರೆ ನಾಲ್ಕು ಲೆಕ್ಕ ಬರುತ್ತದೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ. ಎಲ್ಲವೂ 50 ಕೆ.ಜಿ. ಮೂಟೆಗೆ. ಪಾರ್ಚ್‌ಮೆಂಟ್ ಎಂದರೆ ಹಣ್ಣನ್ನು ಪಲ್ಪರ್‌ಗೆ (ಹೊರಸಿಪ್ಪೆ ಬಿಡಿಸುವ ಯಂತ್ರ) ಹಾಕಿ, ತೊಳೆದು ಒಣಗಿಸಿದ ಕಾಫಿ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಇಂಗ್ಲಿಷಿನಲ್ಲಿ ಆ ಪದದ ಮೊದಲ ಅರ್ಥ ಮಾತ್ರ ಚರ್ಮ, ಬರೆಯಲೆಂದು ಹದ ಮಾಡಿದ ಆಡು, ಕುರಿ, ಕರುವಿನ ಚರ್ಮ.

ಪದದ ಬೇರು ಒಂದು ಊರಿನ ಹೆಸರಲ್ಲಿದೆ: ಪೆರ್ಗಮಾನ್, ಈಗಿನ ಟರ್ಕಿಯ ಬೆರ್ಗಾಮಾ. ಈಜಿಪ್ಟಿನ ಅರಸ ಪಪೈರಸ್ ಕಳಿಸುವುದನ್ನು ನಿಲ್ಲಿಸಿದ್ದರಿಂದ ಪೆರ್ಗಮಾನಿನವರು ಚರ್ಮದ ಹಾಳೆ ಕಂಡುಹಿಡಿದರು ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಅದನ್ನು ಹಾಗೆಯೇ ಒಪ್ಪುವಂತಿಲ್ಲ. ಚರ್ಮದ ಮೇಲೆ ಬರೆಯುವ ರೂಢಿಯನ್ನು ಅವನಿಗಿಂತ ಐನೂರು ವರ್ಷ ಹಿಂದಿನ ಗ್ರೀಕ್ ಇತಿಹಾಸಕಾರ ಹೆರೊಡೋಟಸನೇ ಹೇಳಿದ್ದಾನೆ. ಆದರೂ ಹೆಸರು ಆ ಊರಿನದೇ ಉಳಿಯಿತು. ಹಳೆಯ ಫ್ರೆಂಚಿನ 'ಪಾರ್ಚೆಮಿನ್' ಇಂಗ್ಲಿಷಿಗೆ ಬಂದಾಗಲೂ ಕೊನೆಯಲ್ಲಿ 'ಟ್' ಇರಲಿಲ್ಲ. 'ಮೆಂಟ್' ಎಂದು ಮುಗಿಯುವ ಪದಗಳ ಸಹವಾಸದಿಂದ ಅದು ಆಮೇಲೆ ಅಂಟಿಕೊಂಡದ್ದು.

ಕಾಫಿಗೆ ಈ ಹೆಸರು ಯಾಕೆ ಹೊಂದುತ್ತದೆ ಎಂಬುದು ಕಣದಲ್ಲಿ ತಿಳಿಯುತ್ತದೆ. ಒಣಗಿದ ಒಂದು ಬೀಜವನ್ನು ಬೆರಳಲ್ಲಿ ಹಿಸುಕಿ ನೋಡಿ. ಮೇಲಿನ ತಿಳಿಹಳದಿ ಸಿಪ್ಪೆ ಚಟ್ಟೆಂದು ಒಡೆಯುತ್ತದೆ. ಆ ಚೂರನ್ನು ಬೆಳಕಿಗೆ ಹಿಡಿದರೆ ಹಳೆಯ ಚರ್ಮದ ಹಾಳೆಯಂತೆಯೇ ಮಬ್ಬಾಗಿ ಹೊಳೆಯುತ್ತದೆ. ಹೆಸರು ಮೊದಲು ಆ ಸಿಪ್ಪೆಗೆ ಸೇರಿದ್ದು. ವ್ಯಾಪಾರದಲ್ಲಿ ಅದು ಸಿಪ್ಪೆ ಸಮೇತದ ಮಾಲಿಗೇ ಹೆಸರಾಯಿತು.

ಆ ಸಿಪ್ಪೆ ಕೆಟ್ಟರೆ ಬೆಲೆಯೂ ಕೆಡುತ್ತದೆ. ಪಲ್ಪ್ ಮಾಡಿದ ಅರೇಬಿಕಾ ಬೀಜಕ್ಕೆ ಅಂಟಿದ ಲೋಳೆ ತೊಟ್ಟಿಯಲ್ಲಿ 24ರಿಂದ 36 ಗಂಟೆಯಲ್ಲಿ ಬಿಡುತ್ತದೆ. ರೋಬಸ್ಟಾಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಒಂದು ಹಿಡಿ ಬೀಜ ತೊಳೆದು ಉಜ್ಜಿದಾಗ ಮರಳಿನಂತೆ ಗರಗರ ಎಂದರೆ ಸಾಕು. ಅದಕ್ಕೂ ಮೀರಿ ಬಿಟ್ಟರೆ ಹುಳಿ ವಾಸನೆ ಬೀಜದೊಳಕ್ಕೇ ಇಳಿಯುತ್ತದೆ. ಒಣಗಿಸುವಾಗ ನಡು ಮಧ್ಯಾಹ್ನದ ಬಿಸಿಲಿಗೆ ತೆಳುವಾಗಿ ಹರವಿದರೆ ಸಿಪ್ಪೆ ಬಿರಿದು ಬೀಜ ಬಣ್ಣ ಕಳೆದುಕೊಳ್ಳುತ್ತದೆ. ಆ ಹೊತ್ತಿಗೆ ರಾಶಿ ಮಾಡಿ ಮುಚ್ಚಿಡಬೇಕು. ತೇವ 10 ಶೇಕಡಾಕ್ಕೆ ಇಳಿಯುವವರೆಗೆ ಮೂಟೆ ಕಟ್ಟಬಾರದು. ಕಟ್ಟಿದರೆ ಬೂಷ್ಟು ಗ್ಯಾರಂಟಿ.

'ಚೆರಿ'ಯದು ಇದಕ್ಕೆ ತಿರುಗಾಮುರುಗಾ. ಇಂಗ್ಲಿಷಿನಲ್ಲಿ ಅದು ಕೆಂಪು ಹಣ್ಣು. ಇಲ್ಲಿ ಗಿಡದ ಮೇಲಿದ್ದಾಗ 'ಹಣ್ಣು', ಇಡಿಯಾಗಿ ಒಣಗಿ ಕಪ್ಪಾದ ಮೇಲೆ 'ಚೆರಿ'. ಹೊರಗಿನ ಖರೀದಿದಾರರೊಡನೆ ಮಾತಾಡುವಾಗ 'ಡ್ರೈ ಚೆರಿ' ಎಂದು ಬಿಡಿಸಿ ಹೇಳಿ. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟಿನಿಂದ ಸುಮಾರು 40 ಕೆ.ಜಿ. ಬೀಜ ಸಿಗುತ್ತದೆ, ಚೆರಿಯಲ್ಲಿ ಸುಮಾರು 26. ಆ 26ನ್ನೇ ನಮ್ಮಲ್ಲಿ 'ಓಟಿ' (ಔಟ್ ಟರ್ನ್) ಎನ್ನುವುದು. ಹಸಿ ಹಣ್ಣಿಗೆ ಈ ಲೆಕ್ಕ ಹಿಡಿದರೆ ವ್ಯವಹಾರವೇ ತಪ್ಪುತ್ತದೆ.