ಕಾಫಿ ಹೂವಿಗೆ ಬಿಳಿ ಬಣ್ಣ ಬೇಡ

ಕೊಡಗಿನ ಸಿದ್ದಾಪುರದ ಹತ್ತಿರದ ನಮ್ಮ ತೋಟಕ್ಕೆ ಈ ವರ್ಷ ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟಿತು. ಸ್ಪ್ರಿಂಕ್ಲರ್ ಹಾಕಿ ಕಾದೆವು. ಹತ್ತನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ರೋಬಸ್ಟಾ ಕಾಫಿ ಗಿಡಗಳ ಸಾಲೆಲ್ಲ ಬೆಳ್ಳಗೆ, ಅಡುಗೆಮನೆವರೆಗೂ ಮಲ್ಲಿಗೆಯಂಥ ಘಮ. ನನಗಿರುವುದು ಮೂರೇ ದಿನ, ಆಮೇಲೆ ಹೂವು ಕಂದುತ್ತದೆ. ಕಾಫಿಯನ್ನೂ ಕುಡಿಯದೆ (ಕಾಫಿ ಬೆಳೆಯುವವಳು!) ಕಾಗದ, ಬ್ರಷ್ಷು ಹಿಡಿದು ಹೊರಟೆ.

15 ವರ್ಷದ ಹಿಂದೆ ಇದೇ ಸಾಲಿನ ಚಿತ್ರ ಮೊದಲು ಬರೆದಾಗ ಒಂದೊಂದು ಹೂವಿನ ಐದಾರು ಎಸಳನ್ನೂ ಎಣಿಸಿ, ಪೋಸ್ಟರ್ ವೈಟ್ ಎಂಬ ಬಿಳಿ ಬಣ್ಣ ದಪ್ಪಗೆ ಮೆತ್ತಿದ್ದೆ. ನಮ್ಮವರು ನೋಡಿ, "ಕೊಂಬೆಗೆ ಭತ್ತದ ಅರಳು ಅಂಟಿಸಿದ್ದೀಯಾ?" ಅಂದರು. ಎರಡು ದಿನ ಮಾತು ಬಿಟ್ಟೆ. ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಆಮೇಲೆ ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್‌ನ ಚಿತ್ರಗಳನ್ನು ಕಾಲಕ್ರಮದಲ್ಲಿ ನೋಡುತ್ತ ಹೋದೆ. 1860ರ ದಶಕದಲ್ಲಿ ಬಣ್ಣವನ್ನು ಚಾಕುವಿನಲ್ಲಿ ಬಳಿಯುತ್ತಿದ್ದ ಮನುಷ್ಯ, 1906ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಜಲವರ್ಣದ ಹಣ್ಣುಗಳಲ್ಲಿ ಕಾಗದವನ್ನು ಎಷ್ಟೋ ಕಡೆ ಖಾಲಿ ಬಿಡುತ್ತಿದ್ದ. ಹಣ್ಣಿನ ಬೆಳಕು ಬೀಳುವ ಜಾಗ ಬರೀ ಕಾಗದ. ಎಷ್ಟು ನಿಧಾನ ಅಂದರೆ ಎದುರಿಗಿಟ್ಟ ಹೂವು ಬಾಡುವುದಂತೆ, ಕಾಗದದ ಹೂವಿಟ್ಟೂ ಬರೆದನಂತೆ. ನನ್ನ ಕೈಲಿ ಅದಾಗದು. ವಾಸನೆಯಿಲ್ಲದ ಕಾಫಿ ಹೂವನ್ನು ನೋಡುತ್ತ ಕೂರುವುದು ಹೇಗೆ?

ಖಾಲಿ ಬಿಡುವುದನ್ನು ಕಲಿಯಲು ವರ್ಷಗಳೇ ಹಿಡಿದವು. ಈಗ ಹೂವನ್ನು ಬರೆಯುವುದೇ ಇಲ್ಲ. ಮೊದಲು ಎಲೆ. ಅಂಚು ಅಲೆಯಲೆಯಾದ ಆ ದಪ್ಪ ಎಲೆಯ ಮೇಲ್ಮೈ ಮಧ್ಯಾಹ್ನ ಹಸಿರಾಗಿರುವುದಿಲ್ಲ, ಆಕಾಶದ ನೀಲಿ ಅಲ್ಲಿ ಹೊಳೆಯುತ್ತದೆ. ಅದರ ಪಕ್ಕ ಇಂಡಿಗೊ ಬೆರೆಸಿದ ಕಡುಹಸಿರನ್ನು ಗೆಣ್ಣಿನ ಸುತ್ತ ಹರಿಯಬಿಟ್ಟರೆ, ನಡುವೆ ಉಳಿದ ಕಾಗದವೇ ಗೊಂಚಲಾಗಿ ಎದ್ದು ನಿಲ್ಲುತ್ತದೆ.

ಕಿತ್ತಳೆಯೂ ಹಾಗೆಯೇ ಬದಲಾಯಿತು. ಮೊದಲು ಚೆಂಡಿನ ಹಾಗೆ ದುಂಡಗೆ ಬರೆಯುತ್ತಿದ್ದೆ. ನಮ್ಮ ಕೊಡಗಿನ ಕಿತ್ತಳೆ ಚೆಂಡಲ್ಲ. ಸಿಪ್ಪೆ ಸಡಿಲ, ಅಳತೆ ತಪ್ಪಿದ ಅಂಗಿ ತೊಟ್ಟಂತೆ ಒಳಗಿನ ತೊಳೆಯಿಂದ ಅಲ್ಲಲ್ಲಿ ಬಿಟ್ಟುಕೊಂಡಿರುತ್ತದೆ. ಹೆಬ್ಬೆರಳು ಒತ್ತಿದರೆ ತಗ್ಗುತ್ತದೆ. ಆ ತಗ್ಗು ಬಂದ ಮೇಲೆಯೇ ನನ್ನ ಕಿತ್ತಳೆ ಕೊಡಗಿನದಾಯಿತು. ಕಾಫಿ ನಡುವೆ ನಮ್ಮಲ್ಲಿ ಎಷ್ಟೋ ಗಿಡಗಳಿದ್ದವು, ರೋಗ ಬಿದ್ದು ಈಗ ಎರಡು ಉಳಿದಿವೆ.

ಒಂದು ಪೆಟ್ಟೂ ತಿಂದಿದ್ದೇನೆ. ಹಣ್ಣಾದ ರೋಬಸ್ಟಾ ಗೊಂಚಲಿನ ಚಿತ್ರವೊಂದನ್ನು ಹೋಮ್‌ಸ್ಟೇ ನಡೆಸುವವರೊಬ್ಬರು ಕೊಂಡು, ಬಿಸಿಲು ನೇರ ಬೀಳುವ ಗೋಡೆಗೆ ತೂಗುಹಾಕಿದರು. ಎರಡು ವರ್ಷಕ್ಕೆ ಕೆಂಪೆಲ್ಲ ಹಾರಿ ಹಣ್ಣುಗಳು ರಕ್ತವಿಲ್ಲದ ಮುಖದಂತಾದವು. "ಕಳಪೆ ಬಣ್ಣ" ಎಂದು ಜಗಳಕ್ಕೇ ಬಂದರು. ಅವರ ಗೋಡೆಯನ್ನು ಬೈದೆ, ಆದರೆ ತಪ್ಪು ನನ್ನದೂ ಇತ್ತು. ನಾನು ಹಚ್ಚಿದ್ದ ಕೆಂಪು, ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಮಾಸುವ ಬಣ್ಣ. ಈಗ ಆ ಟ್ಯೂಬನ್ನೇ ಕೊಳ್ಳುವುದಿಲ್ಲ, ಕ್ವಿನಾಕ್ರಿಡೋನ್ ಕೆಂಪು ತರಿಸುತ್ತೇನೆ. ದುಬಾರಿ.

ಮಳೆಗಾಲದ ಬೂಷ್ಟಿನ ಕತೆ ಬೇಡ, ಅದಕ್ಕೇ ಇನ್ನೊಂದು ದಿನ ಬೇಕು.

ಮೂರನೆಯ ದಿನ ಸಂಜೆ ಚಿತ್ರ ಒಳಗೆ ತಂದೆ. ಇವತ್ತು ಸಾಲೆಲ್ಲ ಕಂದು. ಎಡಮೂಲೆಯಲ್ಲಿ ನಾಲ್ಕು ಎಲೆ ಬಾಕಿ ಇದೆ, ಇರಲಿ. ಎಲೆ ಡಿಸೆಂಬರ್‌ನಲ್ಲೂ ಸಿಗುತ್ತದೆ.